ಕೇಪಳ ಏಕೆ ಬೋಳಾಗುವುದಿಲ್ಲ

ಮಗೂ, ಗುಡ್ಡಗಳ ಮೈ ಇನ್ನೂ ಹಸಿಹಸಿಯಾಗಿದ್ದ ಕಾಲ ಅದು. ಸಮುದ್ರ ಆಗಷ್ಟೇ ತನ್ನ ಜಾಗ ಹುಡುಕಿಕೊಂಡಿತ್ತು. ಗಿಡಮರಗಳಿಗೆಲ್ಲ ಒಂದೇ ಹುಚ್ಚು: ಆಕಾಶವನ್ನು ಮೊದಲು ಮುಟ್ಟುವವರು ಯಾರು? ಎಲ್ಲವೂ ಏರುತ್ತಿದ್ದವು. ಸಪೂರ ಮೈಯ ಕೇಪಳದ ಗಿಡವೂ ಏರುತ್ತಿತ್ತು.

ಸಮುದ್ರದ ಕಡೆಯ ಇಳಿಜಾರಿನಲ್ಲಿ ದುಗ್ಗಕ್ಕ ಎಂಬವಳು ಪುಟ್ಟ ಮನೆ ಕಟ್ಟಿಕೊಂಡಿದ್ದಳು. ಅಂಗಳವೆಲ್ಲ ಕೆಂಪು ಮಣ್ಣು. ಮಳೆ ಬಂದಾಗಲೆಲ್ಲ ಆ ಮಣ್ಣನ್ನು ಕೆಳಕ್ಕೆ ಎಳೆದೊಯ್ಯುತ್ತಿತ್ತು. ಕಡೆಗೆ ಗೋಡೆಯ ಬುಡದ ಕಲ್ಲುಗಳೇ ಕಾಣತೊಡಗಿದವು.

ದುಗ್ಗಕ್ಕ ಕಾಡಿಗೆ ಹೋಗಿ ಕೈಮುಗಿದಳು. "ಯಾರಾದರೂ ಬನ್ನಿರಪ್ಪಾ, ನನ್ನ ಮಣ್ಣನ್ನು ಹಿಡಿದುಕೊಳ್ಳಿ. ಮನೆಯೇ ಬೀಳ್ತದೆ."

"ನೆಲ ಕಾಯುತ್ತ ಕೂತರೆ ಆಕಾಶ ಮುಟ್ಟುವುದು ಯಾವಾಗ?" ಎಂದಿತು ತೇಗ.

"ನನಗೂ ಪುರುಸೊತ್ತಿಲ್ಲ" ಎಂದಿತು ಬೂರುಗ.

ಕೇಪಳ ಮಾತ್ರ ಬಗ್ಗಿ ಅವಳ ಮುಖ ನೋಡಿತು. "ನಾನು ಬರ್ತೇನೆ ಅಕ್ಕಾ" ಎಂದಿತು.

ದುಗ್ಗಕ್ಕ ಅದನ್ನು ಅಂಗಳದ ಅಂಚಿನಲ್ಲಿ ನೆಟ್ಟಳು. ಕೇಪಳ ಏರುವುದನ್ನು ಬಿಟ್ಟು ಅಡ್ಡಡ್ಡ ಹಬ್ಬಿತು. ಗೆಲ್ಲಿಗೆ ಗೆಲ್ಲು, ಕೊಂಬೆಗೆ ಕೊಂಬೆ ಹೆಣೆದು ನೆಲ ಮುಚ್ಚಿತು.

ಮಳೆ ಬಂತು. "ದಾರಿ ಬಿಡು! ಆ ಮಣ್ಣು ನನ್ನದು."

"ನೀರು ನಿನ್ನದು, ತಗೊಂಡು ಹೋಗು. ಮಣ್ಣು ದುಗ್ಗಕ್ಕನದು."

ಮಳೆ ಬಡಿಯಿತು, ಜಗ್ಗಿತು. ಕೇಪಳ ಬಾಗಿತು, ಬಿಡಲಿಲ್ಲ. ಮಳೆ ಬರಿಗೈಯಲ್ಲಿ ಹೊರಟು ನಿಂತು ನಕ್ಕಿತು. "ಎಲೆ ಉದುರದ ಗಿಡ ಎಲ್ಲಿದೆ? ನೀನು ಬೋಳಾದ ದಿನ ಬರ್ತೇನೆ."

ಬೇಸಿಗೆ ಬಂತು. ತೇಗ ಬೋಳಾಯಿತು, ಬೂರುಗ ಬೋಳಾಯಿತು. "ನೀನೂ ಎಲೆ ಉದುರಿಸಿ ಮಲಗು ಮಾರಾಯಾ, ದಾಹ ಗೊತ್ತಾಗೋದಿಲ್ಲ" ಎಂದಿತು ತೇಗ.

ಕೇಪಳದ ಎಲೆಗಳ ಅಂಚು ಸುರುಟಿಕೊಂಡಿತ್ತು. "ನಾನು ಮಲಗಿದರೆ ಮಣ್ಣನ್ನು ಕಾಯುವವರು ಯಾರು?" ಎಂದಿತು ಅದು.

ಅದನ್ನು ಕೇಳಿದ ದುಗ್ಗಕ್ಕ ಅಕ್ಕಿ ತೊಳೆದ ನೀರನ್ನು ತಂದು ಬುಡಕ್ಕೆ ಹೊಯ್ದಳು. "ಕುಡಿ ಮಗಾ. ಒಬ್ಬನೇ ಅಂತ ತಿಳ್ಕೊಬೇಡ."

ಕೇಪಳ ಜಾಣತನ ಮಾಡಿತು. ಹೊಸ ಎಲೆ ಬಲಿತು ನಿಂತ ಮೇಲೆಯೇ ಹಳೆಯ ಎಲೆಯನ್ನು ಬೀಳಗೊಟ್ಟಿತು. ಒಂದು ದಿನವೂ ಬೋಳಾಗಲಿಲ್ಲ.

ಒಂದು ಮಧ್ಯಾಹ್ನ ಗುಡುಗುತ್ತ ಅಕಾಲದ ಮಳೆ ನುಗ್ಗಿತು. ಎಲ್ಲಿ ಸಂದು ಎಂದು ಹುಡುಕಿತು. ಎಲ್ಲೂ ಇರಲಿಲ್ಲ.

"ಇಷ್ಟು ಗಿಡ್ಡನಾಗಿ ಉಳಿದೆಯಲ್ಲ, ನಾಚಿಕೆಯಿಲ್ವಾ?" ಎಂದು ರೇಗಿತು.

ಕೇಪಳ ತಲೆಯೆತ್ತಿ ಹೇಳಿತು: "ತೇಗ ಇನ್ನೂ ಆಕಾಶ ಮುಟ್ಟಿಲ್ಲ. ನಾನು ಹಿಡಿದ ಮಣ್ಣಿನಲ್ಲಿ ಒಂದು ಹಿಡಿಯೂ ಜಾರಿಲ್ಲ. ನಾಚಿಕೆ ಯಾಕೆ?"

ಮಳೆ ಜೋರು ಬಿಟ್ಟು ಮೆಲ್ಲಗೆ ಜಿನುಗಿತು.

ಆಗ ಮಣ್ಣು ಮೊದಲ ಸಲ ಮಾತಾಡಿತು. "ನನ್ನನ್ನು ತಬ್ಬಿ ಉಳಿಸಿದವನೇ, ನನ್ನ ಬಣ್ಣ ನಿನ್ನ ತಲೆಯ ಮೇಲಿರಲಿ."

ಬೆಳಗಾದಾಗ ಗಿಡದ ತುಂಬ ಕೆಂಪು ಹೂಗೊಂಚಲು! "ಬನ್ನಿ ಬನ್ನಿ, ನಮ್ಮ ಕೇಪಳವನ್ನು ನೋಡಿ!" ಎಂದು ದುಗ್ಗಕ್ಕ ಊರಿಗೆಲ್ಲ ಕೂಗಿ ಹೇಳಿದಳು.

ಅದಕ್ಕೇ ಮಗೂ, ಇವತ್ತಿಗೂ ಕೇಪಳ ಎತ್ತರ ಏರದೆ, ಯಾವ ಕಾಲದಲ್ಲೂ ಬೋಳಾಗದೆ, ಕೆಂಪು ಮುಡಿದು ನಿಂತಿರುತ್ತದೆ. ಸುಡುಬಿಸಿಲಿನಲ್ಲಿ ಅದರ ಗೆಲ್ಲು ಸರಿಸಿ ಕೈಯಿಟ್ಟು ನೋಡು, ಅಡಿಯ ಮಣ್ಣು ತಣ್ಣಗಿರುತ್ತದೆ.