ಕೋಡಂಗಿಯ ದನಿ

"ಗುರುಗಳೇ, ಸಭೆಯಲ್ಲಿ ಆಡುವ ಮಾತನ್ನು ತೂಗಿ ನೋಡಬೇಕೆಂದು ಕಲಿಸಿದಿರಿ. ಬಯಲಲ್ಲಿ ಆಡುವ ಆಟವನ್ನೂ ತೂಗಬೇಕೆನ್ನುತ್ತೀರಿ. ಜನ ಆಟ ನೋಡುತ್ತಾರೆ, ನಗುತ್ತಾರೆ, ಮನೆಗೆ ಹೋಗಿ ಮಲಗುತ್ತಾರೆ. ಅದರಲ್ಲಿ ತೂಗುವುದಕ್ಕೆ ಏನಿದೆ?"

ಹೀಗೆ ಕೇಳಿದವನು ಸೋಮದೇವನೆಂಬ ಶಿಷ್ಯ. ಅವನ ವಿದ್ಯೆ ಮುಗಿದಿತ್ತು. ಮರುದಿನ ತನ್ನ ಪಟ್ಟಣಕ್ಕೆ ಹಿಂದಿರುಗಿ ಅಲ್ಲಿಯ ನ್ಯಾಯಸಭೆಯಲ್ಲಿ ಕುಳಿತುಕೊಳ್ಳಬೇಕಾಗಿತ್ತು. ತನ್ನಿಂದ ಯಾರಿಗೂ ಅನ್ಯಾಯವಾಗಬಾರದೆಂಬ ಭಯ ಅವನಲ್ಲಿತ್ತು. ಆ ಭಯವನ್ನು ಗುರುಗಳು ಮೆಚ್ಚಿಕೊಂಡಿದ್ದರು. ಅವನನ್ನು ಹತ್ತಿರ ಕೂರಿಸಿಕೊಂಡು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಬೊಂಬೆಯಾಟದವನಿದ್ದ. ಅವನು ಹುಟ್ಟಿದಾಗಲೇ ತಾಯಿ ತೀರಿಕೊಂಡಿದ್ದಳು. ಊರಾಚೆಯ ಸುಣ್ಣ ಸುಡುವವರ ಕೇರಿಯಲ್ಲಿದ್ದ ಒಬ್ಬ ಹೆಂಗಸು ತನ್ನ ಕೂಸಿನ ಜೊತೆಗೆ ಅವನಿಗೂ ಹಾಲೂಡಿಸಿ ಬೆಳೆಸಿದಳು. ಅವನು ಆಕೆಯನ್ನು ಅವ್ವ ಎಂದೇ ಕರೆಯುತ್ತಿದ್ದ.

ಆ ಕೇರಿಯವರು ಮಾತಿನ ಕೊನೆಯನ್ನು ಎಳೆದು ಆಡುತ್ತಿದ್ದರು. ಸುಣ್ಣದ ಗೂಡಿನ ಮೇಲೆ ನಿಂತವರಿಗೂ ಕೆಳಗೆ ಸೌದೆ ಒಟ್ಟುವವರಿಗೂ ನಡುವೆ ಉರಿಯ ಸದ್ದು. ಎಳೆಯದೆ ಆಡಿದ ಮಾತು ಅಲ್ಲಿ ತಲುಪುತ್ತಿರಲಿಲ್ಲ. ಗೂಡಿನ ಬಳಿ ರೂಢಿಯಾದ ಮಾತು ಮನೆಯಲ್ಲೂ ಉಳಿಯಿತು. ಕೂಸನ್ನು ತೂಗುವಾಗಲೂ ಅವರು ಹಾಗೆಯೇ ಎಳೆಯುತ್ತಿದ್ದರು.

ಬೊಂಬೆಯಾಟದಲ್ಲಿ ರಾಜ, ಮಂತ್ರಿ, ದೇವತೆ ಎಲ್ಲರ ದನಿಯೂ ಹಿರಿಯರಿಂದ ಬಂದದ್ದು. ಅದನ್ನು ಬದಲಿಸುವಂತಿಲ್ಲ. ನಗಿಸುವ ಬೊಂಬೆಯಾದ ಕೋಡಂಗಿಗೆ ಮಾತ್ರ ಆಟಗಾರ ತನಗೆ ಬೇಕಾದ ದನಿಯನ್ನು ಕೊಡಬಹುದು. ಇವನು ತನ್ನದೇ ಆಟ ಕಟ್ಟಿದಾಗ, ತನಗೆ ಎಲ್ಲಕ್ಕಿಂತ ಪ್ರಿಯವಾದ ದನಿಯನ್ನೇ ಕೋಡಂಗಿಗೆ ಕೊಟ್ಟ. ಅದು ಅವ್ವನ ದನಿ.

ಊರು ಆ ಕೋಡಂಗಿಗೆ ಮರುಳಾಯಿತು. ಕತ್ತೆಯ ಹಗ್ಗವನ್ನು ಕೈಯಲ್ಲಿ ಹಿಡಿದುಕೊಂಡೇ ಅವನು ಕತ್ತೆಯನ್ನು ಹುಡುಕುತ್ತಿದ್ದ. ಕಳ್ಳನಿಗೆ ಚಾಪೆ ಹಾಸಿ, ಉಂಡು ಹೋಗೆಂದು ಒತ್ತಾಯ ಮಾಡುತ್ತಿದ್ದ. ಅವನು ಬಾಯಿ ತೆರೆದರೆ ಸಾಕು, ಅಳುವ ಮಕ್ಕಳೂ ಅಳು ನಿಲ್ಲಿಸುತ್ತಿದ್ದರು. ಸುಣ್ಣ ಸುಡುವವರು ಎಲ್ಲರಿಗಿಂತ ಮುಂದೆ ಬಂದು ಕೂರುತ್ತಿದ್ದರು. ಅವ್ವನಂತೂ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ತನ್ನ ಮಗ ಎಲ್ಲಿಗೆ ಹೋದರೂ ತನ್ನನ್ನು ಬಿಟ್ಟು ಹೋಗುವುದಿಲ್ಲವೆಂದು ನೆರೆಯವರೊಡನೆ ಹೇಳಿಕೊಳ್ಳುತ್ತಿದ್ದಳು.

ಇಲ್ಲಿ ಸೋಮದೇವ ತಡೆದು ಕೇಳಿದ: "ಆಟಗಾರನ ಮನಸ್ಸಿನಲ್ಲಿ ಎಳ್ಳಷ್ಟೂ ತಾತ್ಸಾರವಿರಲಿಲ್ಲವೇ?"

"ಇದ್ದಿದ್ದರೆ ಒಳ್ಳೆಯದಿತ್ತು. ಕೇರಿಯವರಿಗೆ ಅದು ಗೊತ್ತಾಗುತ್ತಿತ್ತು" ಎಂದು ಗುರುಗಳು ಮುಂದುವರಿಸಿದರು.

ವರ್ಷಗಳು ಕಳೆದವು. ಊರಿನ ಮಕ್ಕಳು ಕೋಡಂಗಿಯ ಹಾಗೆ ಮಾತನಾಡುತ್ತಾ ಆಟವಾಡಿದರು. ಅಂಗಡಿಯವರು ಸುಣ್ಣ ಕೊಳ್ಳುವಾಗ ಅದೇ ದನಿಯಲ್ಲಿ ಬೆಲೆ ಕೇಳಿದರು. ಕೇರಿಯವರೂ ನಕ್ಕು ಬೆಲೆ ಹೇಳಿದರು. ಊರಿನವರಿಗೆ ಆ ಕೇರಿಯ ಮೇಲೆ ಅಷ್ಟು ಪ್ರೀತಿ ಹಿಂದೆಂದೂ ಇರಲಿಲ್ಲ.

ಹೀಗಿರುವಾಗ ಒಬ್ಬ ವ್ಯಾಪಾರಿ, ಕೆರೆಯ ಮೇಲಿನ ದಂಡೆಯನ್ನು ತನಗೆ ಬಿಟ್ಟುಕೊಟ್ಟರೆ ಬೇಲಿ ಹಾಕಿ ಹೂದೋಟ ಮಾಡುತ್ತೇನೆಂದು ಸಭೆಯನ್ನು ಕೇಳಿಕೊಂಡ. ಕೇರಿಯವರು ನೀರಿಗೆ ಹೋಗುವ ದಾರಿ ಆ ದಂಡೆಯ ಮೇಲೆಯೇ ಇತ್ತು. ಅದು ಮುಚ್ಚಿದರೆ ಗುಡ್ಡ ಸುತ್ತಿಕೊಂಡು ಹೋಗಿ ನೀರು ತರಬೇಕು. ಸಭೆಗೆ ಒಂದು ಕಟ್ಟಳೆಯಿತ್ತು. ಬೇಡವೆನ್ನುವವರು ಎದ್ದು ನಿಂತು ತಮ್ಮ ಮಾತನ್ನು ತಾವೇ ಹೇಳಬೇಕು. ಹೇಳದಿದ್ದರೆ ಒಪ್ಪಿದಂತೆ. ಕೇರಿಯವರು ಕೂಡಿ ಯೋಚಿಸಿ ಅವ್ವನನ್ನು ಕಳುಹಿಸಿದರು. ನಾಲ್ಕು ಜನರೆದುರು ಹೇಗೆ ಮಾತಾಡಬೇಕೆಂಬುದು ಅವರಲ್ಲಿ ಆಕೆಗೆ ಚೆನ್ನಾಗಿ ತಿಳಿದಿತ್ತು.

ಅವ್ವ ಎದ್ದು ಕೈ ಮುಗಿದಳು. ಅಪ್ಪಗಳಿರಾ ಎಂದು ಸಭೆಯನ್ನು ಕರೆದಳು. ಆ ಒಂದು ಮಾತಿಗೇ ಸಭೆ ನಕ್ಕಿತು. ಅದು ಕೆಟ್ಟ ನಗುವಾಗಿರಲಿಲ್ಲ. ಬೇಕಾದವರು ಮನೆಗೆ ಬಂದಾಗ ಮೂಡುವ ನಗು ಅದು. ಅವ್ವನೂ ರೂಢಿಯಂತೆ ನಕ್ಕಳು. ನಗು ಇಳಿದ ಮೇಲೆ ಮತ್ತೆ ಮಾತು ತೆಗೆದಳು.

"ಅವ್ವಾ, ಕತ್ತೆ ಸಿಕ್ಕಿತೇನು?" ಎಂದು ಒಬ್ಬ ಹಿರಿಯ ಕೇಳಿದ.

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಒಂದು ಮೂಲೆಯಲ್ಲಿ ಕುಳಿತಿದ್ದ ಆಟಗಾರನೂ ನಕ್ಕ. ತನ್ನ ಬೊಂಬೆಯನ್ನು ಊರು ಇಷ್ಟು ಹಚ್ಚಿಕೊಂಡಿದೆಯಲ್ಲ ಎಂದು ಅವನಿಗೆ ಹೆಮ್ಮೆಯೂ ಆಯಿತು. ಅವ್ವ ಸುತ್ತಲೂ ನೋಡಿದಳು. ಮಗನ ಮುಖವನ್ನೂ ನೋಡಿದಳು. ಏನೂ ಇಲ್ಲವೆಂಬಂತೆ ತಲೆಯಾಡಿಸಿದಳು. ಅಲ್ಲಿ ಯಾರೂ ಆಕೆಯನ್ನು ಗದರಿಸಲಿಲ್ಲ. ಕೂರೆಂದು ಹೇಳಲಿಲ್ಲ. ಆಕೆಯೇ ಕುಳಿತಳು. ಬೇಡವೆನ್ನುವವರು ಯಾರೂ ಇಲ್ಲವೆಂದು ಸಭೆ ಸಾರಿತು. ಆಕೆಗೆ ಎಲೆ ಅಡಿಕೆ ಕೊಟ್ಟು, ಆಗಾಗ ಬರುತ್ತಿರಬೇಕೆಂದು ಹೇಳಿ ಕಳುಹಿಸಿದರು.

ಬೇಲಿ ಬಂತು. ಒಂದು ಮಧ್ಯಾಹ್ನ ಆಟಗಾರ ಗುಡ್ಡದ ದಾರಿಯಲ್ಲಿ ಬರುತ್ತಿದ್ದಾಗ, ಅವ್ವ ಕೊಡವನ್ನು ಕೆಳಗಿಳಿಸಿ ಬಂಡೆಗೆ ಒರಗಿ ನಿಂತದ್ದನ್ನು ಕಂಡ. ಅಂದು ಸಭೆಯಲ್ಲಿ ಆಕೆ ಎದ್ದು ನಿಂತದ್ದು ಯಾತಕ್ಕೆಂದು ಅವನಿಗೆ ಆಗ ಹೊಳೆಯಿತು.

ಅವನು ಕೋಡಂಗಿಯ ದನಿಯನ್ನು ಬದಲಿಸಿದ. ಜನ ಒಪ್ಪಲಿಲ್ಲ. ತಮ್ಮ ಕೋಡಂಗಿಯನ್ನು ತಮಗೆ ಕೊಡೆಂದು ಕೂಗಿದರು. ಇನ್ನೊಂದು ಸಲ, ಹಿರಿಯರ ಕಟ್ಟನ್ನು ಮುರಿದು, ಅವ್ವನ ದನಿಯನ್ನು ರಾಜನಿಗೆ ಕೊಟ್ಟ. ಆ ದನಿಯಲ್ಲಿ ರಾಜ ತೀರ್ಪು ಹೇಳಿದ. ಜನ ಎಷ್ಟು ನಕ್ಕರೆಂದರೆ, ತೀರ್ಪು ಏನೆಂಬುದು ಯಾರಿಗೂ ಕೇಳಿಸಲಿಲ್ಲ. ಅವನು ಸಭೆಗೂ ಹೋದ. ಅವ್ವ ಹೇಳಬೇಕೆಂದಿದ್ದುದನ್ನು ತಾನು ಹೇಳುತ್ತೇನೆಂದ. ನೀರು ಹೊರುವವನು ನೀನಲ್ಲ, ಹೊರುವವರೇ ಬಂದು ಹೇಳಲಿ ಎಂದು ಸಭೆ ಕಟ್ಟಳೆಯನ್ನು ನೆನಪಿಸಿತು.

ಕಡೆಗೆ ಅವನು ಅವ್ವನ ಗುಡಿಸಲಿಗೆ ಬಂದ. ಆಕೆ ಎಂದಿನಂತೆ ಮೊದಲು ಅವನಿಗೆ ಕುಡಿಯಲು ನೀರು ಕೊಟ್ಟಳು. ಅದನ್ನು ಕುಡಿಯಲು ಅವನಿಂದಾಗಲಿಲ್ಲ. ಆಕೆಯ ಮಡಿಲಲ್ಲಿ ತಲೆಯಿಟ್ಟು ಅತ್ತ. ತಾನು ನಕ್ಕರೇನು, ಊರೆಲ್ಲ ನಕ್ಕರೇನು, ನೀನು ಹೇಳಬೇಕಾದ ಮಾತನ್ನು ಹೇಳಿಯೇ ಕೂರಬೇಕಾಗಿತ್ತಲ್ಲವೇ, ಯಾಕೆ ಸುಮ್ಮನಾದೆ ಎಂದು ಕೇಳಿದ. ಅವ್ವ ಅವನನ್ನು ಬೈಯಲಿಲ್ಲ. ಚಿಕ್ಕಂದಿನಲ್ಲಿ ಮಾಡುತ್ತಿದ್ದ ಹಾಗೆ ತಲೆ ನೇವರಿಸಿದಳು.

"ಅಷ್ಟೊಂದು ಮಂದಿ ಖುಷಿಯಾಗಿ ನಗ್ತಾ ಇದ್ರಲ್ಲೋ ಮಗಾಽಽ" ಎಂದಳು, "ನೀರಿನ ಮಾತೆತ್ತಿ ಹೆಂಗೆ ಕೆಡಸ್ಲೋಽಽ."

ಈ ಮಾತನ್ನು ಗುರುಗಳು ಅವ್ವ ಆಡಿದ ಹಾಗೆಯೇ ಎಳೆದು ಆಡಿದರು. ಅದುವರೆಗೆ ತಲೆ ತಗ್ಗಿಸಿ ಕೇಳುತ್ತಿದ್ದ ಸೋಮದೇವನ ತುಟಿಯಂಚಿನಲ್ಲಿ, ಮಾತಿನ ಅರ್ಥ ಮನಸ್ಸಿಗೆ ಇಳಿಯುವ ಮೊದಲೇ, ನಗು ಸುಳಿಯಿತು. ಗುರುಗಳು ಅದನ್ನು ಕಂಡರು. ಅವನ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದರು:

"ಆ ಸಭೆ ಇನ್ನೂ ಮುಗಿದಿಲ್ಲ, ಮಗು."