ಬಿಸಿನೀರ ಬುಗ್ಗೆಯಲ್ಲಿ ಮೂರು ಬುತ್ತಿ

ಒಂದು ಕಾಡಿನಲ್ಲಿ ಚಿಪ್ಪವ್ವ ಎಂಬ ಚಿಪ್ಪುಹಂದಿಗೆ ಒಂದು ಅಭ್ಯಾಸವಿತ್ತು. ಯಾರ ಜೊತೆ ಮಾತಾಡಬೇಕಾದರೂ ಆ ಮಾತನ್ನು ಮೊದಲು ಎರಡು ಸಲ ಬಾಯೊಳಗೇ ಹೇಳಿಕೊಳ್ಳುತ್ತಿದ್ದಳು. ಮೂರನೆಯ ಸಲಕ್ಕೆ ಹೊರಗೆ ಬಿಡುತ್ತಿದ್ದಳು. ಅಷ್ಟರಲ್ಲಿ ಎದುರಿಗಿದ್ದವರು ಎದ್ದು ಹೋಗಿರುತ್ತಿದ್ದರು. ಚಿಪ್ಪವ್ವ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಮಾತು ಮಿಕ್ಕಿತಲ್ಲ, ನಾಳೆಗಾಯಿತು ಎಂದು ತನ್ನ ಬಿಲಕ್ಕೆ ಹಿಂತಿರುಗುತ್ತಿದ್ದಳು.

ಆ ವರ್ಷ ಚಳಿ ಜೋರಾಗಿತ್ತು. ಒಂದು ಬೆಳಗ್ಗೆ ಚಿಪ್ಪವ್ವ ಎದ್ದು ನೋಡುತ್ತಾಳೆ, ಬೆನ್ನು ಬಗ್ಗುತ್ತಿಲ್ಲ! ಹಲಗೆಯಂತೆ ನೆಟ್ಟಗೆ ನಿಂತುಬಿಟ್ಟಿದೆ. ಬೇರೆಯವರಿಗಾದರೆ ಇದು ಬರೀ ಬೆನ್ನುನೋವು. ಚಿಪ್ಪುಹಂದಿಗೆ ಪ್ರಾಣದ ಪ್ರಶ್ನೆ. ಅಪಾಯ ಬಂದಾಗ ಅದು ಉಂಡೆಯಾಗಿ ಸುತ್ತಿಕೊಳ್ಳಬೇಕು. ಆಗ ಮೈಯೆಲ್ಲ ಚಿಪ್ಪಿನ ಕೋಟೆ. ಚಿರತೆ ಬಂದು ಮೂಸಿ, ಹೊರಳಿಸಿ, ಹಲ್ಲು ನೋಯಿಸಿಕೊಂಡು ಹೋಗುತ್ತದೆ. ಉಂಡೆ ಕಟ್ಟಲು ಬಾರದ ಚಿಪ್ಪುಹಂದಿ ಚಿರತೆಯ ಮುಂದೆ ಬಡಿಸಿಟ್ಟ ಊಟ.

ಹಳ್ಳದ ಆಚೆ ಚಿರತೆಯ ಹೆಜ್ಜೆ ಆಗಲೇ ಎರಡು ಸಲ ಕಂಡಿತ್ತು.

"ನಮ್ಮ ಜೊತೆ ಬಾರೇ," ಎಂದಳು ಪಕ್ಕದ ಗುಹೆಯ ಕರಡಿ ಜಾಂಬಕ್ಕ. "ಬೋಳುಗುಡ್ಡದ ಹಿಂದೆ ಬಿಸಿನೀರಿನ ಬುಗ್ಗೆ ಇದೆಯಂತೆ. ನೆಲದೊಳಗಿಂದಲೇ ಕಾದ ನೀರು ಬುಳುಬುಳು ಅಂತ ಬರ್ತದಂತೆ. ನನ್ನ ಮೊಣಕಾಲಿಗೂ ಒಳ್ಳೇದು, ನಿನ್ನ ಬೆನ್ನಿಗೂ ಒಳ್ಳೇದು. ಒಂದು ದಿನ ಹಾಯಾಗಿ ಕೂತು ಬರೋಣ."

"ನಾನೂ ಬರ್ತೀನಿ," ಎಂದು ಮೇಲಿನ ಕೊಂಬೆಯಿಂದ ಮುಸುವ ನೀಳಪ್ಪ ಇಣುಕಿದ.

"ನಿನಗೇನೋ ನೋವು?"

"ನೋವು ಬಂದ ಮೇಲೇ ಸುಖಪಡಬೇಕು ಅಂತ ಎಲ್ಲಿದೆ ಅಕ್ಕಾ?"

ಸರಿ, ಮೂವರೂ ಹೊರಡುವುದೆಂದಾಯಿತು. ಹೊರಟಮೇಲೆ ಬುತ್ತಿ ಬೇಡವೆ? ಜಾಂಬಕ್ಕ ಮುತ್ತುಗದ ಎಲೆಯಲ್ಲಿ ಜೇನುತಟ್ಟಿ ಕಟ್ಟಿಕೊಂಡಳು. ನೀಳಪ್ಪ ಕಾಡುಬಾಳೆಯ ಎಲೆಯಲ್ಲಿ ಬೋರೆಹಣ್ಣು ಸುತ್ತಿಕೊಂಡ. ಚಿಪ್ಪವ್ವನ ಊಟವೋ ಇರುವೆ. ಅದನ್ನು ಕಟ್ಟುವುದು ಹೇಗೆ? ನೀಳಪ್ಪನೇ ಮಾವಿನ ಮರ ಹತ್ತಿ ಚಗಳಿ ಎಂಬ ಕೆಂಪಿರುವೆಯ ಗೂಡೊಂದನ್ನು ರೆಂಬೆ ಸಮೇತ ಮುರಿದುಕೊಟ್ಟ. ಆ ಇರುವೆಗಳು ಹಸಿ ಎಲೆಗಳನ್ನು ಅಂಚಿಗೆ ಅಂಚು ಸೇರಿಸಿ, ನೂಲಿನಿಂದ ಹೊಲಿದು, ಒಳಗೆ ಸಂಸಾರ ಹೂಡಿರುತ್ತವೆ. ಹೊರಗಿನಿಂದ ನೋಡಿದರೆ ಯಾರೋ ಅಚ್ಚುಕಟ್ಟಿನ ಗೃಹಿಣಿ ಕಟ್ಟಿಕೊಟ್ಟ ಪೊಟ್ಟಣದ ಹಾಗೆ.

"ದಾರಿಯಲ್ಲಿ ಇವು ಎದ್ದುಬಿಟ್ಟರೆ?" ಎಂದು ನೀಳಪ್ಪ ಕೈ ಕೊಡವಿಕೊಂಡ.

ಚಿಪ್ಪವ್ವ ಬಾಯೊಳಗೆ ಎರಡು ಸಲ ಹೇಳಿಕೊಂಡು, "ಚಳಿಗೆ ಮಲಗಿರ್ತಾವೆ. ಬೆಚ್ಚಗಾಗದೆ ಏಳಲ್ಲ," ಎಂದಳು.

ಮಂಜು ಹರಿಯುವ ಮೊದಲೇ ಹೊರಟರು. ಚಿಪ್ಪವ್ವ ರೆಂಬೆಯ ತುದಿಯನ್ನು ಬಾಯಲ್ಲಿ ಕಚ್ಚಿ, ನೆಟ್ಟಗಿನ ಬೆನ್ನಿನಲ್ಲೇ ಹೆಜ್ಜೆ ಹಾಕಿದಳು. ಹೊತ್ತು ಏರುವಷ್ಟರಲ್ಲಿ ಮರಗಳು ಮುಗಿದವು. ಬೋಳುಗುಡ್ಡವೆಂದರೆ ಹೆಸರಿಗೆ ತಕ್ಕ ಹಾಗೆ ಬರೀ ಬಂಡೆ, ಬರೀ ಹುಲ್ಲು, ಅಲ್ಲೊಂದು ಇಲ್ಲೊಂದು ಪೊದೆ. ಅದರ ಹಿಂದೆ ಇಳಿದರೆ, ಅಬ್ಬಾ! ಬಂಡೆಗಳ ನಡುವೆ ಹಸಿರು ನೀರಿನ ಕೊಳ. ಮೇಲೆ ಬಿಳಿ ಹಬೆ. ಒಂದು ಮೂಲೆಯಲ್ಲಿ ನೀರು ಗುಳುಗುಳು ಉಕ್ಕುತ್ತಿತ್ತು.

ಕೊಳದ ದಡದಲ್ಲಿ ಒಂದು ಪುನುಗುಬೆಕ್ಕು ಕಾಲ ಮೇಲೆ ಕಾಲು ಹಾಕಿ ಕೂತಿತ್ತು. ಮೈಯಿಂದ ಘಮಘಮ ವಾಸನೆ. ಹೆಸರು ಪರಿಮಳಯ್ಯ. ಅವನು ಹುಟ್ಟಿದ್ದು ಬೆಳೆದದ್ದು ಎಲ್ಲ ಆ ಬಂಡೆಗಳಲ್ಲೇ. ಗುಡ್ಡ ಇಳಿದು ಕಾಡಿಗೆ ಬಂದವನೇ ಅಲ್ಲ. ಬರುವ ಅಗತ್ಯವೂ ಬಿದ್ದಿರಲಿಲ್ಲ. ಊಟ ತಾನಾಗಿಯೇ ಗುಡ್ಡ ಹತ್ತಿ ಬರುತ್ತಿತ್ತು. ಹೇಗೆ ಅಂತೀರಾ? ನೋಡಿ.

"ಬನ್ನಿ ಬನ್ನಿ! ನನ್ನ ಸ್ಪಾಗೆ ಸ್ವಾಗತ," ಎಂದು ಪರಿಮಳಯ್ಯ ನಡು ಬಗ್ಗಿಸಿದ. "ದೂರದಿಂದ ಬಂದಿದ್ದೀರಿ, ಪಾಪ. ಇಲ್ಲಿ ಫುಲ್ ರಿಲ್ಯಾಕ್ಸ್. ಆದರೆ ಸಣ್ಣಪುಟ್ಟ ರೂಲ್ಸ್ ಇವೆ."

"ಬುಗ್ಗೆಗೆ ಎಂಥಾ ರೂಲ್ಸಪ್ಪಾ?" ಎಂದಳು ಜಾಂಬಕ್ಕ.

"ಅಕ್ಕಾ, ನೀರು ಬರೀ ನೀರಲ್ಲ, ಔಷಧಿ. ಒಂದನೇದು, ಹೊಟ್ಟೆ ತುಂಬಿಸಿಕೊಂಡು ಇಳಿಯೋ ಹಾಗಿಲ್ಲ. ಬುತ್ತಿ ಎಲ್ಲ ಆ ಚಪ್ಪಟೆ ಕಲ್ಲಿನ ಮೇಲೆ ಇಡಿ, ನಾನು ನೋಡ್ಕೋತೀನಿ. ಎರಡನೇದು, ಕಣ್ಣಿನ ಮೇಲೆ ತಂಪು ಎಲೆ. ನಾನು ಹೇಳೋವರೆಗೂ ತೆಗೀಬಾರದು, ತೆಗೆದರೆ ನೋವು ಇಮ್ಮಡಿ ಆಗ್ತದೆ. ಮೂರನೇದು, ಮಾತು ಬಂದ್. ಇದು ಮೌನದ ಕೊಳ."

"ಮಾತು ಬಂದಾ?" ನೀಳಪ್ಪನ ಮುಖ ಸಣ್ಣದಾಯಿತು. "ನನಗೆ ಅದೇ ನೋವು ಶುರುವಾಗ್ತದೆ."

ಚಿಪ್ಪವ್ವನಿಗೆ ಮಾತ್ರ ಮೂರನೆಯ ನಿಯಮ ಬಹಳ ಹಿಡಿಸಿತು. ಯಾರೂ ಏನೂ ಕೇಳುವುದಿಲ್ಲ, ತಾನೂ ಏನೂ ಹೇಳಬೇಕಿಲ್ಲ. ಇದಕ್ಕಿಂತ ಸುಖದ ಪ್ರವಾಸ ಉಂಟೆ?

ಪರಿಮಳಯ್ಯ ಅವಳನ್ನು ಮೇಲಿಂದ ಕೆಳಗೆ ನೋಡಿದ. "ಏನಮ್ಮಾ, ಮೈ ತುಂಬ ಹೆಂಚು ಹೊದಿಸಿಕೊಂಡು ಬಂದಿದ್ದೀಯ? ನೀನು ಬೇರೆಯವರಿಗೆ ತಗುಲಿದರೆ ಗೀರು ಬೀಳ್ತದೆ. ಹೋಗು, ಆ ಮೂಲೆಯ ತಗ್ಗು ನೀರಲ್ಲಿ ಕೂತ್ಕೋ."

ಮೂವರೂ ಬುತ್ತಿಗಳನ್ನು ಚಪ್ಪಟೆ ಕಲ್ಲಿನ ಮೇಲಿಟ್ಟರು. ಚಿಪ್ಪವ್ವ ತಲೆಯಾಡಿಸಿ ಮೂಲೆಗೆ ಹೋದಳು. ಆ ಮೂಲೆ ಬುತ್ತಿಯ ಕಲ್ಲಿಗೆ ತೀರ ಹತ್ತಿರ. ಕೊಳದಲ್ಲಿ ಬುಗ್ಗೆಗೂ ಅದೇ ಹತ್ತಿರ. ನೀರಿಗೆ ಕಾಲಿಟ್ಟಳು. ಹಾಯ್! ಬಿಸಿ ನಿಧಾನವಾಗಿ ಚಿಪ್ಪಿನ ಸಂದುಗಳಲ್ಲಿ ಇಳಿಯಿತು. ಬಾಲ ಸಡಿಲವಾಯಿತು. ಸೊಂಟ ಸಡಿಲವಾಯಿತು. ಬೆನ್ನಿನ ನಡುವೆ ಏನೋ ಒಂದು ಗಂಟು ಕರಗಲೋ ಬೇಡವೋ ಎಂದು ಯೋಚಿಸಿತು.

ಪರಿಮಳಯ್ಯ ಎಲ್ಲರ ಕಣ್ಣಿನ ಮೇಲೂ ಒದ್ದೆ ಎಲೆ ಅಂಟಿಸಿದ. ಜಾಂಬಕ್ಕನ ಅಗಲ ಮುಖದ ಮೇಲೆ ಎಲೆ ಗಟ್ಟಿಯಾಗಿ ಕೂತಿತು. ನೀಳಪ್ಪನ ಹುಬ್ಬುಗೂದಲಿಗೆ ಸಿಕ್ಕಿಕೊಂಡಿತು. ಚಿಪ್ಪವ್ವನ ಮುಖವೋ ಸೌತೆಕಾಯಿಯಂತೆ ಸಣ್ಣ, ನುಣುಪು. ಎಲೆ ಅಂಟಿಸಿದ ಮರುಕ್ಷಣ ಜಾರಿ ನೀರಿಗೆ ಬಿತ್ತು. ಅಷ್ಟರಲ್ಲಿ ಪರಿಮಳಯ್ಯ ಬೆನ್ನು ತಿರುಗಿಸಿ ಹೋಗಿಯಾಗಿತ್ತು. ಹೋದದ್ದು ಎಲ್ಲಿಗೆ? ನೇರ ಚಪ್ಪಟೆ ಕಲ್ಲಿಗೆ.

ಮೊದಲು ಜಾಂಬಕ್ಕನ ಬುತ್ತಿ ಬಿಚ್ಚಿದ. ಜೇನುತಟ್ಟಿಗೆ ನಾಲಿಗೆ ಹಚ್ಚಿದ. ಸುರ್ ಎಂದು ಹೀರಿದ. ಅರ್ಧ ಖಾಲಿ ಮಾಡಿ, ಎಲೆಯೊಳಗೆ ಒಂದು ಕಲ್ಲು ಸೇರಿಸಿ, ಮೊದಲಿನಂತೆಯೇ ಮಡಚಿಟ್ಟ. ಕೈ ಪಳಗಿದ ಕೆಲಸ.

ಚಿಪ್ಪವ್ವ ಇದನ್ನೆಲ್ಲ ನೋಡಿದಳು. ಹೇಳಬೇಕು. ಹೇಳಲೇಬೇಕು. 'ಜಾಂಬಕ್ಕಾ, ನಿನ್ನ ಜೇನು ಹೋಗ್ತಿದೆ' ಎಂದು ಬಾಯೊಳಗೆ ಒಂದು ಸಲ ಹೇಳಿಕೊಂಡಳು. ಎರಡು ಸಲ ಹೇಳಿಕೊಂಡಳು.

"ಜಾಂಬಕ್ಕಾ..."

"ಶ್ಶ್!" ಎಂದ ಪರಿಮಳಯ್ಯ. "ಯಾರದು ಮೌನ ಮುರಿದದ್ದು?"

"ಸುಮ್ಮನಿರೇ ಚಿಪ್ಪವ್ವಾ," ಎಂದು ಜಾಂಬಕ್ಕನೂ ಎಲೆಯಡಿಯಿಂದ ಗೊಣಗಿದಳು. "ಈಗಷ್ಟೇ ಮೊಣಕಾಲು ಸಡಿಲ ಆಗ್ತಾ ಇದೆ."

ಚಿಪ್ಪವ್ವ ಬಾಯಿ ಮುಚ್ಚಿದಳು. ಅತ್ತ ನೀಳಪ್ಪನ ಬೋರೆಹಣ್ಣಿನ ಗತಿಯೂ ಅದೇ ಆಯಿತು. ಬೀಜಗಳು ಒಂದೊಂದಾಗಿ ಎಲೆಯೊಳಗೇ ಬಿದ್ದವು, ತೂಕಕ್ಕೆ. ಪರಿಮಳಯ್ಯ ಮೀಸೆ ಒರೆಸಿಕೊಂಡು ಮೂರನೆಯ ಬುತ್ತಿಯ ಕಡೆ ತಿರುಗಿದ. ಎಂಥ ಅಚ್ಚುಕಟ್ಟು! ಎಂಥ ಹೊಲಿಗೆ! ಮರವೇ ಇಲ್ಲದ ಗುಡ್ಡದಲ್ಲಿ ಬೆಳೆದವನು ಇಂಥದ್ದನ್ನು ಕಂಡಿರಲೇ ಇಲ್ಲ. ಹೊರಗೇ ಇಷ್ಟು ಚಂದ ಇದ್ದರೆ ಒಳಗೆ ಎಂಥ ಸಿಹಿ ಇರಬೇಡ? ಕಲ್ಲೂ ಬೆಚ್ಚಗೆ, ಹಬೆಯೂ ಬೆಚ್ಚಗೆ. ಪೊಟ್ಟಣದೊಳಗಿಂದ ಸಣ್ಣಗೆ ಸರಸರ ಸದ್ದು ಬರುತ್ತಿತ್ತು. ಕರಿದ ತಿಂಡಿ ಇನ್ನೂ ಆರಿಲ್ಲ ಎಂದುಕೊಂಡ ಪರಿಮಳಯ್ಯ.

ಆ ಸದ್ದು ಚಿಪ್ಪವ್ವನಿಗೂ ಕೇಳಿಸಿತು. ಅವಳಿಗೆ ಕಳ್ಳನ ಮೇಲೆ ಸಿಟ್ಟಿತ್ತು ನಿಜ. ಆದರೆ ಚಗಳಿ ಕಚ್ಚಿದರೆ ಏನಾಗುತ್ತದೆ ಎಂಬುದೂ ಗೊತ್ತಿತ್ತು. ಎಷ್ಟೆಂದರೂ ಅವನದೂ ಜೀವ. ಈ ಸಲ ಬಾಯೊಳಗೆ ಒಂದೇ ಸಲ ಹೇಳಿಕೊಂಡಳು.

"ಅಯ್ಯಾ, ಅದನ್ನು ಬಿಚ್ಚಬೇಡ..."

ಪರಿಮಳಯ್ಯ ಬೆಚ್ಚಿಬಿದ್ದ. ತಿರುಗಿ ನೋಡಿದ. ಚಿಪ್ಪವ್ವನ ಕಣ್ಣು ಬಿಟ್ಟೇ ಇದ್ದವು! ಆದರೆ ಅವನು ಬುದ್ಧಿವಂತನಲ್ಲವೆ? ಮೂಲೆಗೆ ಬಂದು ಮೆಲ್ಲಗೆ ಅಂದ:

"ನೋಡಿದೆಯಾ? ನೋಡು. ನಿನ್ನ ಮಾತು ಕೇಳೋರು ಯಾರಿದ್ದಾರೆ ಇಲ್ಲಿ?"

"ಅದು ಊಟ ಅಲ್ಲ ಅಯ್ಯಾ, ಒಳಗೆ..."

"ಆಹಾ, ಊಟ ಅಲ್ಲವಂತೆ! ತನ್ನದನ್ನು ಉಳಿಸಿಕೊಳ್ಳೋಕೆ ಎಲ್ಲರೂ ಹೀಗೇ ಹೇಳೋದು." ಪರಿಮಳಯ್ಯ ಒಂದು ದೊಡ್ಡ ಎಲೆ ಮಡಚಿ ಅವಳ ಪುಟ್ಟ ಬಾಯಿಗೆ ತುರುಕಿದ. "ಕಣ್ಣಿಗೆ ನಿಲ್ಲದಿದ್ದರೆ ಬಾಯಿಗಾದರೂ ನಿಲ್ಲಲಿ."

ಆಮೇಲೆ ಕಲ್ಲಿಗೆ ಹಿಂದಿರುಗಿದ. ನಿಧಾನವಾಗಿ ಬಿಚ್ಚಿ ತಿನ್ನುವ ವ್ಯವಧಾನ ಉಳಿದಿರಲಿಲ್ಲ. ಪೊಟ್ಟಣವನ್ನು ಎರಡೂ ಕೈಯಲ್ಲಿ ಎತ್ತಿ, ಬಾಯಿ ಅಗಲಿಸಿ, ಗಬಕ್ಕೆಂದು ಕಚ್ಚಿದ.

ಒಂದು ಗಳಿಗೆ ಏನೂ ಆಗಲಿಲ್ಲ.

ಮರುಗಳಿಗೆ ಕೊಳವೇ ನಡುಗುವಂಥ ಕೂಗು ಎದ್ದಿತು. "ಅಯ್ಯಯ್ಯಯ್ಯೋ!" ತುಟಿಯ ಮೇಲೆ ಚಗಳಿ. ಮೂಗಿನೊಳಗೆ ಚಗಳಿ. ಕಿವಿಯ ಹಿಂದೆ, ಕಂಕುಳಲ್ಲಿ, ಘಮಘಮಿಸುವ ಬಾಲದ ಬುಡದಲ್ಲಿ ಚಗಳಿ. ಪರಿಮಳಯ್ಯ ಮೇಲೆ ಹಾರಿದ, ಕೆಳಗೆ ಹೊರಳಿದ, ಕೊನೆಗೆ ದಾರಿ ಕಾಣದೆ ನೀರಿಗೆ ಧುಮುಕಿದ. ಧುಮುಕಿದ್ದಾದರೂ ಎಲ್ಲಿಗೆ? ಗುಳುಗುಳು ಉಕ್ಕುವ ಬುಗ್ಗೆಯ ಬಾಯಿಗೇ! "ಸುಡ್ತದೋ!" ಎಂದು ಹೋದಷ್ಟೇ ವೇಗವಾಗಿ ಹೊರಗೆ ಬಂದ. ಒದ್ದೆ ಮೈಗೆ ಅಂಟಿದ ಇರುವೆಗಳು ಇನ್ನೂ ಬಿಗಿಯಾಗಿ ಕಚ್ಚಿಕೊಂಡವು.

ಜಾಂಬಕ್ಕ ಎಲೆ ಕಿತ್ತೆಸೆದು ಎದ್ದಳು. ನೀಳಪ್ಪ ಒಂದೇ ನೆಗೆತಕ್ಕೆ ಚಪ್ಪಟೆ ಕಲ್ಲಿನ ಮೇಲಿದ್ದ.

"ಅಕ್ಕಾ, ನಿನ್ನ ಜೇನು ಕಲ್ಲಾಗಿದೆ! ನನ್ನ ಹಣ್ಣು ಬರೀ ಬೀಜ!"

"ಏಯ್ ಘಮಘಮರಾಯಾ," ಜಾಂಬಕ್ಕ ಸೊಂಟದ ಮೇಲೆ ಕೈಯಿಟ್ಟಳು. "ನೋಡ್ಕೋತೀನಿ ಅಂದೆಯಲ್ಲ, ಇದೇನಾ ನೋಡ್ಕೊಂಡಿದ್ದು?"

"ತಪ್ಪಾಯ್ತಕ್ಕಾ! ಅಯ್ಯೋ ಮೂಗು!"

"ಈ ಕೊಳ ನಿಂದಾ?" ಎಂದ ನೀಳಪ್ಪ.

"ಅಲ್ಲ! ನೆಲದ್ದು! ಎಲ್ಲರದ್ದು! ಅಯ್ಯೋ ಕಿವಿ!"

"ಹಾಗಾದರೆ ರೂಲ್ಸ್ ಯಾರದ್ದು?"

"ನನ್ನದು! ನಾನೇ ಮಾಡಿದ್ದು! ಇನ್ನು ಮಾಡಲ್ಲ!"

ಜಾಂಬಕ್ಕನಿಗೆ ಎಷ್ಟು ಸಿಟ್ಟು ಬಂದಿತ್ತೋ ಅಷ್ಟೇ ನಗುವೂ ಬಂತು. ನಕ್ಕೂ ನಕ್ಕೂ ಮತ್ತೆ ನೀರಿನಲ್ಲೇ ಕೂತಳು. ಆಗ ಅವಳಿಗೆ ನೆನಪಾಯಿತು.

"ಅಯ್ಯೋ, ಚಿಪ್ಪವ್ವ ಎಲ್ಲೇ?"

ಮೂಲೆಯ ತಗ್ಗು ನೀರಿನಲ್ಲಿ ಚಿಪ್ಪವ್ವ ಇರಲಿಲ್ಲ. ಒಂದು ದುಂಡನೆಯ ಕಂದು ಬಂಡೆ ಮಾತ್ರ ಇತ್ತು. ನೀಳಪ್ಪ ಬಗ್ಗಿ ನೋಡಿದ. ಬಂಡೆಗೆ ಚಿಪ್ಪುಗಳಿದ್ದವು.

"ಅಕ್ಕಾ! ಉಂಡೆ! ಉಂಡೆ ಕಟ್ಟಿದ್ದಾಳೆ!"

ನಿಜ. ಪರಿಮಳಯ್ಯನ ಆ ಕೂಗಿಗೆ ಬೆಚ್ಚಿದ ಚಿಪ್ಪವ್ವ ಬಾಯಿಯ ಎಲೆಯನ್ನು ಉಗಿದು, ತನಗೇ ಗೊತ್ತಿಲ್ಲದಂತೆ ಸುತ್ತಿಕೊಂಡುಬಿಟ್ಟಿದ್ದಳು. ತಲೆ ಹೊಟ್ಟೆಗೆ, ಬಾಲ ತಲೆಯ ಮೇಲೆ, ಎಲ್ಲೂ ಒಂದು ಸಂದಿಲ್ಲ. ಬಿಸಿನೀರು ತನ್ನ ಕೆಲಸ ಮಾಡಿಯಾಗಿತ್ತು. ಇನ್ನು ಚಿರತೆ ಬಂದರೆ ಬರಲಿ!

ಇಬ್ಬರೂ ಸೇರಿ ಅವಳನ್ನು ಮೆಲ್ಲಗೆ ಬೆಚ್ಚಗಿನ ಬಂಡೆಯ ಮೇಲೆ ಉರುಳಿಸಿಟ್ಟರು. ಉಂಡೆಯೊಳಗೆ ಕತ್ತಲೆ, ಒಳ್ಳೆಯ ಶಾಖ. ಚಿಪ್ಪವ್ವ ತನ್ನ ಬೆನ್ನಿನ ಪ್ರತಿಯೊಂದು ಗೆಣ್ಣನ್ನೂ ಒಂದೊಂದಾಗಿ ಲೆಕ್ಕ ಹಾಕಿದಳು. ಎಲ್ಲವೂ ಬಗ್ಗಿದ್ದವು. ಹೊರಗೆ ನೀಳಪ್ಪ ಕುಣಿಯುವ ಸದ್ದು, ಜಾಂಬಕ್ಕ ಕಲ್ಲು ತೆಗೆದು ಉಳಿದ ಜೇನು ನೆಕ್ಕುವ ಸದ್ದು ಕೇಳುತ್ತಿತ್ತು.

ಆಮೇಲೆ ತೀರ ಹತ್ತಿರದಲ್ಲಿ, ಮೂಗು ಊದಿಸಿಕೊಂಡವರ ದನಿಯೊಂದು ಕೇಳಿಸಿತು.

"ಚಿಪ್ಪವ್ವಾ... ಅಮ್ಮಾ... ನಿನ್ನ ನಾಲಿಗೆ ಮಾರುದ್ದ ಇದೆಯಂತೆ. ಇರುವೆ ಅಂದ್ರೆ ನಿಂಗೆ ಪಂಚಪ್ರಾಣವಂತೆ. ಎಲ್ಲಾ ನನ್ನ ಮೈ ಮೇಲೇ ಇವೆ, ಒಂದೂ ಹೋಗಿಲ್ಲ. ಒಂದೇ ಒಂದು ಸಲ ಹೊರಗೆ ಬಂದು ನೆಕ್ಕಿಬಿಡು ತಾಯಿ. ಕೇಳಿಸ್ತಾ? ಚಿಪ್ಪವ್ವಾ?"

ಉಂಡೆ ಅಲುಗಲಿಲ್ಲ.

ನೀತಿ: ಮೋಸ ಮಾಡುವುದಕ್ಕೆಂದು ಇನ್ನೊಬ್ಬರ ಬಾಯಿ ಮುಚ್ಚಿಸುವವನು, ತನ್ನನ್ನು ಕಾಪಾಡಬಹುದಾಗಿದ್ದ ಮಾತನ್ನೂ ಕಳೆದುಕೊಳ್ಳುತ್ತಾನೆ.