ಸುಬ್ಬಜ್ಜಿ ಕಟ್ಟೆಯ ಕ್ಯಾಮೆರಾ

ಕಳ್ಳರ ಕಾಟಕ್ಕೆ ಗಾಣಿಗರ ಬೀದಿಯವರೆಲ್ಲ ಚಂದಾ ಎತ್ತಿ ಒಂದು ಕ್ಯಾಮೆರಾ ತಂದರು. ಸಂಘದ ಅಧ್ಯಕ್ಷ ವೀರಭದ್ರಯ್ಯನವರು, "ಅದು ನನ್ನ ಗೇಟಿಗೇ ಮುಖ ಮಾಡಿರಬೇಕು!" ಎಂದು ಗುಡುಗಿದರು.

ಇಸ್ತ್ರಿ ಅಂಗಡಿಯ ನಾಗವೇಣಿಗೆ ತೀರಿಹೋದ ಸುಬ್ಬಜ್ಜಿಯ ನೆನಪಾಯಿತು. ಬೇವಿನಮರದ ಕಟ್ಟೆಯ ಮೇಲೆ ಕೂತು ಇಡೀ ಬೀದಿ ಕಾಯುತ್ತಿದ್ದ ಮುದುಕಿ. "ಅಜ್ಜೀ, ಹೋಗ್ಬರ್ತೀನಿ" ಅನ್ನದೆ ಯಾರೂ ಆ ಕಟ್ಟೆ ದಾಟುತ್ತಿರಲಿಲ್ಲ.

"ಆಗ್ಲಿ ಸ್ವಾಮಿ," ಎಂದಳು ನಾಗವೇಣಿ. "ಚಂದಾ ಕೊಟ್ಟೋರ ಮೊಬೈಲಿಗೆಲ್ಲ ಚಿತ್ರ ಬರುತ್ತಂತೆ. ಅಮ್ಮಾವ್ರು ದಿನಾ ಗೇಟಲ್ಲಿ ನಿಮಗೆ ಮಾಡೋ ಮಂಗಳಾರತೀನ ನಾವೂ ನೋಡ್ಬಹುದು."

ಅಧ್ಯಕ್ಷರ ಮುಖ ಇಂಗು ತಿಂದ ಮಂಗನಂತಾಯಿತು. "ಬೇಡ, ಬೇಡ! ಸುಬ್ಬಜ್ಜಿ ಕಟ್ಟೆ ಹತ್ತಿರಾನೇ ಹಾಕಿ!"

ಮರುದಿನ ನಾಗವೇಣಿ ಅಂಗಡಿಯಿಂದಲೇ ನೋಡಿದಳು. ಕಟ್ಟೆ ದಾಟುವಾಗ ಅಧ್ಯಕ್ಷರು ಕ್ಯಾಮೆರಾದತ್ತ ತಲೆಯೆತ್ತಿ, ಹಳೇ ಅಭ್ಯಾಸದಲ್ಲಿ ಅಂದರು: "ಅಜ್ಜೀ, ಹೋಗ್ಬರ್ತೀನಿ."